ನಮ್ಮ ಮನೆಯಲ್ಲಿ ಯಾರೂ ಹಚ್ಚಿಕೊಳ್ಳುವುದಿಲ್ಲ

ನೇತ್ರಾ, ಬತ್ತಾಸುವಿನ ಕೂದಲು ಉದುರಿದ್ದು ನನ್ನಿಂದ. ಅವನ ಹೊಟ್ಟೆ ಕೊಯ್ಯಿಸುವ ಅಗತ್ಯವೇ ಇರಲಿಲ್ಲ. ಅದು ನನಗೆ ಗೊತ್ತಿತ್ತು — ಆಪರೇಷನ್ನಿಗೆ ಆರು ದಿನ ಮೊದಲೇ ಗೊತ್ತಿತ್ತು. ನಾನು ಹೇಳಲಿಲ್ಲ.

ಇಷ್ಟು ಬರೆದು ಎದ್ದುಹೋಗಿ ಅನ್ನಕ್ಕಿಟ್ಟು ಬಂದೆ. ತಿರುಗಿ ನೋಡಿದರೆ ಸಾಲುಗಳು ಹಾಗೇ ಇವೆ. ಹೊಡೆದುಹಾಕಲಿಲ್ಲ. ಮುಂದುವರಿಸುತ್ತೇನೆ.

ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ, ನಿನಗೆ ಗೊತ್ತು. ದಿನಚರಿ ಬರೆಯುವ ನನ್ನ ಚಟ ಕಂಡು ನೀನು ನಗುತ್ತಿದ್ದೆ — “ಅತ್ತಿಗೆ, ನಿನ್ನೆ ಸಾರಿಗೆ ಉಪ್ಪು ಜಾಸ್ತಿ ಆಗಿದ್ದೂ ಬರ್ದಿದೀರಾ?” ಎಂ.ಎ.ಯಲ್ಲಿ ಇತಿಹಾಸ ಓದುವಾಗ ನಮ್ಮ ಮೇಷ್ಟರೊಬ್ಬರು ಹೇಳುತ್ತಿದ್ದರು: ಸಾಕ್ಷಿ ಹೇಳುವವನಿಗೆ ಆ ಸಾಕ್ಷಿಯಿಂದ ಏನು ಲಾಭ ಎಂದು ಮೊದಲು ಕೇಳಿಕೊಳ್ಳಿ. ಈ ಬರಹದಲ್ಲಿ ಸಾಕ್ಷಿಯೂ ನಾನೇ, ಲಾಭ ಪಡೆಯಬಹುದಾದವಳೂ ನಾನೇ. ಆದ್ದರಿಂದ ಹಳೆಯ ದಿನಚರಿಗಳನ್ನು ಅಟ್ಟದಿಂದ ಇಳಿಸಿ ಪಕ್ಕದಲ್ಲಿಟ್ಟುಕೊಂಡಿದ್ದೇನೆ. ಆದರೂ ಎಲ್ಲಾದರೂ ನಾನು ನನಗೆ ಅನುಕೂಲವಾಗುವಂತೆ ಬರೆದ ಹಾಗೆ ಕಂಡರೆ, ಅಲ್ಲಿ ನಿಂತು ಅನುಮಾನಿಸು.

ನಾನು ನಿನ್ನ ಅಣ್ಣನನ್ನು ಮದುವೆಯಾಗಿ ಮಾರೇನಹಳ್ಳಿಯ ಮನೆಗೆ ಬಂದಾಗ ಬತ್ತಾಸುವಿಗೆ ಎರಡು ವರ್ಷ. ಆ ಬಿಳಿ ಸ್ಪಿಟ್ಜ್ ಮರಿಯನ್ನು ನೀನು ಪಿಯುಸಿ ಮುಗಿದ ಬೇಸಿಗೆಯಲ್ಲಿ ಹಠ ಹಿಡಿದು ತಂದದ್ದಂತೆ; ಅಂಗೈಯಲ್ಲಿಟ್ಟರೆ ಬತ್ತಾಸಿನಷ್ಟೇ ಬೆಳ್ಳಗೆ, ಅಷ್ಟೇ ಹಗುರ ಇದ್ದನಂತೆ. ನನಗೆ ಗೊತ್ತಿದ್ದ ಬತ್ತಾಸು ಮಾತ್ರ ಮನೆ ತುಂಬ ಕೂದಲು ಚೆಲ್ಲುವ, ಮೆಟ್ಟಿಲ ಮೇಲೆ ಕೂತು ಬೀದಿಗೆಲ್ಲ ಆಜ್ಞೆ ಮಾಡುವ ಯಜಮಾನ. “ಈ ನಾಯಿ ಕೂದ್ಲು ಮುದ್ದೇಲೂ ಸಿಗತ್ತಲ್ಲೇ ನೇತ್ರಾ!” ಎಂದು ಅತ್ತೆ ದಿನಕ್ಕೊಂದು ಸಲ ಕೂಗುತ್ತಿದ್ದರು.

ಅವನಿಗೆ ಒಂಬತ್ತು ನಡೆಯುತ್ತಿದ್ದಾಗ, ದೀಪಾವಳಿ ಕಳೆದು ಚಳಿ ಬಿದ್ದ ಮೇಲೆ, ತೊಡೆಯ ಹಿಂಭಾಗದ ಉದ್ದ ಕೂದಲು ತೆಳುವಾಗತೊಡಗಿತು. ಆಮೇಲೆ ಎರಡೂ ಪಕ್ಕೆ, ಅಳತೆ ಮಾಡಿ ಬೋಳಿಸಿದ ಹಾಗೆ ಸಮನಾಗಿ. ಆಮೇಲೆ ಕೊರಳ ಸುತ್ತ. ಕೆರೆತವಿಲ್ಲ, ಗಾಯವಿಲ್ಲ, ಎಲ್ಲಿಯೂ ಕೆಂಪಗಾಗಿಲ್ಲ. ಕೂದಲು ಉದುರಿದ ಕಡೆ ನುಣ್ಣನೆಯ, ತುಸು ಕಪ್ಪಿಟ್ಟ ಚರ್ಮ. ಕೆಳಗಿನ ಬಾಡಿಗೆ ಮನೆಯಲ್ಲಿದ್ದ ಗದಗಿನ ಕಡೆಯ ಶಿವಾನಂದ ಒಂದು ಬೆಳಗ್ಗೆ ಗಾಡಿ ಒರೆಸುತ್ತ ಅಂದಿದ್ದ: “ಯಾಕ್ರೀ ನೇತ್ರಕ್ಕಾರ, ಥಂಡಿಯೊಳಗ ನಿಮ್ಮ ನಾಯಿ ಅಂಗಿ ಬಿಚ್ಚಿ ಅಡ್ಡಾಡಾಕತ್ತೈತಲ್ರೀ!” ನಾವೆಲ್ಲ ನಕ್ಕೆವು. ನಾನೂ ನಕ್ಕೆ. ಆ ದಿನದ ದಿನಚರಿಯಲ್ಲಿ ಆ ಮಾತು ಇದೆ.

ನೀನು ಅವನಿಗಾಗಿ ಪಟ್ಟ ಪಾಡನ್ನು ನಿನಗೇ ವಿವರಿಸಬೇಕಾಗಿಲ್ಲ. ಆದರೂ ಬರೆಯುತ್ತೇನೆ, ನಾನು ಎಷ್ಟು ದಿನ ನೋಡುತ್ತ ನಿಂತಿದ್ದೆ ಎಂಬುದು ಗೊತ್ತಾಗಬೇಕು. ವಿಜಯನಗರದ ಡಾಕ್ಟರು ಬ್ಲೇಡಿನಿಂದ ಚರ್ಮ ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡಿ ಹುಳವಿಲ್ಲ, ಕಜ್ಜಿಯಿಲ್ಲ, ಬೂಷ್ಟೂ ಇಲ್ಲ ಎಂದರು. ಒಂದು ಶಾಂಪೂ ಕೊಟ್ಟರು. ಆಮೇಲೆ ಥೈರಾಯ್ಡ್ ಇರಬಹುದೆಂದು ರಕ್ತ ತೆಗೆದರು. ಅಂಕಿ ಸರಿಯಿರುವುದರ ಕೊನೆಯ ಅಂಚಿನಲ್ಲಿತ್ತು. ಮಾತ್ರೆ ಕೊಟ್ಟು ನೋಡೋಣ ಎಂದರು. ಎರಡು ತಿಂಗಳು ನೀನು ಹೊತ್ತಿಗೆ ಸರಿಯಾಗಿ, ದಿನಕ್ಕೆರಡು ಸಲ, ಇಡ್ಲಿಯ ತುಂಡಿನೊಳಗೆ ಮಾತ್ರೆ ಹುದುಗಿಸಿ ತಿನ್ನಿಸಿದೆ. ಅವನು ಇಡ್ಲಿ ತಿಂದು ಮಾತ್ರೆ ಉಗಿಯುತ್ತಿದ್ದ; ನೀನು ಬಾಯಿ ಬಿಡಿಸಿ ಮತ್ತೆ ಹಾಕುತ್ತಿದ್ದೆ. ಒಂದು ಕೂದಲೂ ಹುಟ್ಟಲಿಲ್ಲ.

ಅದರ ಬದಲು ಅವನ ಹೊಟ್ಟೆಯ ಮೇಲಿನ ಮೊಲೆತೊಟ್ಟುಗಳು ಊದಿಕೊಂಡವು. ಬೀದಿಯ ಗಂಡುನಾಯಿಗಳು ಗೇಟಿನ ಮುಂದೆ ಬಂದು ನಿಲ್ಲತೊಡಗಿದವು. ಎದುರುಮನೆ ಆಂಟಿ ಕಾಂಪೌಂಡಿನ ಮೇಲಿಂದ ಕೂಗಿದರು — “ಏನೇ ನೇತ್ರಾ, ನಿಮ್ ಹುಡ್ಗನ್ನ ನೋಡೋಕೆ ಗಂಡಿನ ಕಡೆಯವ್ರು ಬಂದವ್ರೆ!” ನೀನು ಅವನನ್ನು ಎತ್ತಿಕೊಂಡು ಒಳಗೆ ಬಂದು ಬಾಗಿಲು ಹಾಕಿದೆ. ನಿನ್ನ ಮುಖ ಕೆಂಪಾಗಿತ್ತು. ಅವತ್ತಿನಿಂದ ಅವನಿಗೆ ನಿನ್ನ ಹಳೆಯ ಟೀ-ಶರ್ಟು ಹಾಕಿ ವಾಕಿಂಗ್ ಕರೆದೊಯ್ಯುತ್ತಿದ್ದೆ. ಆ ಟೀ-ಶರ್ಟಿನ ಮಾತು ಮುಂದೆ ನಿನಗೇ ತಿರುಗಿ ಹೊಡೆಯಿತು.

ಈಗ ನನ್ನ ಕಡೆಯ ಕಥೆ. ಇದನ್ನು ನೀನು ಮೊದಲ ಸಲ ಓದುತ್ತಿದ್ದೀಯ.

ಬತ್ತಾಸುವಿನ ಕೂದಲು ತೆಳುವಾಗುವುದಕ್ಕೆ ಏಳು ತಿಂಗಳ ಹಿಂದೆ, ಯುಗಾದಿ ಕಳೆದ ವಾರ, ನಾನೊಬ್ಬಳೇ ರಾಜಾಜಿನಗರದ ಹೆಂಗಸರ ಡಾಕ್ಟರ ಹತ್ತಿರ ಹೋಗಿದ್ದೆ. ನಿನ್ನ ಅಣ್ಣ ಕೆಲಸದ ಮೇಲೆ ಹೊರ ಊರಿಗೆ ಹೋಗಿದ್ದರು. ನನಗೆ ಆಗ ಮೂವತ್ತಾರು. ಮುಟ್ಟು ನಾಲ್ಕು ತಿಂಗಳಿಂದ ನಿಂತಿತ್ತು. ನಾನು ಬೇರೇನೋ ಆಸೆ ಇಟ್ಟುಕೊಂಡು ಹೋಗಿದ್ದೆ. ಅವರು ರಿಪೋರ್ಟು ನೋಡಿ ನಿಧಾನಕ್ಕೆ ಹೇಳಿದರು — ಅಂಡಾಶಯ ಕೆಲಸ ನಿಲ್ಲಿಸಿದೆ, ಕೆಲವರಿಗೆ ಹೀಗೆ ಬೇಗ ಆಗುತ್ತದೆ, ಇನ್ನು ಮಗು ಆಗುವುದು ಕಷ್ಟ ಎಂದಲ್ಲ, ಆಗುವುದಿಲ್ಲ ಎಂದೇ ತಿಳಿಯಿರಿ. ಮೂಳೆ ಸವೆಯದಿರಲು ಒಂದು ಹಾರ್ಮೋನ್ ಜೆಲ್ ಬರೆದರು. ದಿನಾ ಸ್ನಾನವಾದ ಮೇಲೆ ಎರಡೂ ತೋಳಿಗೆ. ಜೊತೆಗೆ ತಿಂಗಳಲ್ಲಿ ಹನ್ನೆರಡು ದಿನ ಒಂದು ಮಾತ್ರೆ. ಮಾತ್ರೆ ನಿಲ್ಲಿಸಿದ ಮೂರನೆಯ ದಿನಕ್ಕೆ ಮುಟ್ಟಿನ ಹಾಗೇ ರಕ್ತಸ್ರಾವ ಆಗುತ್ತದೆ ಎಂದರು. ಕೊನೆಗೆ, “ಹಚ್ಚಿದ ಜಾಗ ಚಿಕ್ಕ ಮಕ್ಕಳಿಗೆ ತಾಗದ ಹಾಗೆ ನೋಡ್ಕೊಳ್ಳಿ” ಎಂದರು. ನಮ್ಮ ಮನೆಯಲ್ಲಿ ಚಿಕ್ಕ ಮಕ್ಕಳಿರಲಿಲ್ಲವಲ್ಲ. ಆ ಮಾತನ್ನು ನಾನು ಅಲ್ಲೇ ಬಿಟ್ಟು ಬಂದೆ.

ನಿನ್ನ ಅಣ್ಣನಿಗೆ “ಡಾಕ್ಟ್ರು ಕಾಯೋಣ ಅಂದ್ರು” ಎಂದು ಹೇಳಿದೆ.

ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತು. ಮೂರು ದಿನ ಅಡುಗೆಮನೆಗಿಲ್ಲ, ದೇವರಮನೆಗಿಲ್ಲ. ಮಹಡಿಯ ಮೇಲಿನ ಆ ಸಣ್ಣ ಕೋಣೆ, ಒಂದು ಚಾಪೆ, ಒಂದು ತಟ್ಟೆ. ನೀನು ಕೆಲಸಕ್ಕೆ ಸೇರಿದ ಮೇಲೆ ಅದನ್ನು ಪಾಲಿಸುವುದು ಬಿಟ್ಟೆ, ಅಮ್ಮನ ಜೊತೆ ಜಗಳವಾಡಿ ಬಿಟ್ಟೆ. ನಾನು ಬಿಡಲಿಲ್ಲ. ಅತ್ತೆ ಗೋಡೆಯ ಕ್ಯಾಲೆಂಡರಿನಲ್ಲಿ ನಾನು ಹೊರಗೆ ಕೂತ ದಿನಕ್ಕೆ ಪೆನ್ಸಿಲಿನಿಂದ ಒಂದು ಸಣ್ಣ ಸೊನ್ನೆ ಹಾಕುತ್ತಿದ್ದರು. ಎರಡು ದಿನ ತಡವಾದರೆ ನನ್ನ ತಟ್ಟೆಗೆ ತುಪ್ಪ ಜಾಸ್ತಿ ಬೀಳುತ್ತಿತ್ತು. ಮುಟ್ಟು ನಿಂತಿದ್ದ ಆ ನಾಲ್ಕು ತಿಂಗಳೂ ನಾನು ಸುಮ್ಮನೆ ಲೆಕ್ಕ ಹಾಕಿ ಮೇಲೆ ಹೋಗಿ ಕೂತಿದ್ದೆ — ಖಚಿತವಾಗುವವರೆಗೆ ಅವರಿಗೆ ಆಸೆ ಹುಟ್ಟಿಸುವುದು ಬೇಡ ಎಂದು. ಜೆಲ್ ಮತ್ತು ಮಾತ್ರೆ ಶುರುವಾದ ಮೇಲೆ ನಟಿಸುವ ಅಗತ್ಯವೂ ಉಳಿಯಲಿಲ್ಲ. ಮೆಡಿಕಲ್ ಶಾಪಿನಿಂದ ತಂದ ಮುಟ್ಟು, ಆದರೆ ರಕ್ತ ನಿಜವಾದದ್ದೇ. “ನಮ್ ಸೊಸೆ ತಿಂಗ್ಳು ತಿಂಗ್ಳು ಗಡಿಯಾರ ಇದ್ದಂಗೆ. ಅವ್ಳ ಕಡೆಯಿಂದ ಏನೂ ತೊಂದ್ರೆ ಇಲ್ಲ” ಎಂದು ಅತ್ತೆ ನೆಂಟರ ಮುಂದೆ ಹೇಳುವಾಗ ನಾನು ಅಲ್ಲೇ ಕಾಫಿ ಲೋಟ ಹಿಡಿದು ನಿಂತಿರುತ್ತಿದ್ದೆ.

ಜೆಲ್ಲಿನ ಟ್ಯೂಬನ್ನು ಪ್ಯಾಡಿನ ಪೊಟ್ಟಣದೊಳಗೆ ಬಚ್ಚಿಡುತ್ತಿದ್ದೆ. ಆ ಮನೆಯಲ್ಲಿ ಅದನ್ನು ಮುಟ್ಟುವವರು ಯಾರೂ ಇರಲಿಲ್ಲ. ಬೆಳಗ್ಗೆ ಸ್ನಾನವಾದ ಮೇಲೆ ಬಟ್ಟೆ ಒಣಗಿಸುವ ನೆಪದಲ್ಲಿ ಮಹಡಿಗೆ ಹೋಗಿ, ಬಾಗಿಲು ಮುಂದೆ ಮಾಡಿ, ಮಣಿಕಟ್ಟಿನಿಂದ ಭುಜದವರೆಗೆ ಸವರಿಕೊಳ್ಳುತ್ತಿದ್ದೆ. ತಣ್ಣಗೆ, ಸ್ಪಿರಿಟ್ಟಿನ ವಾಸನೆ. ಬತ್ತಾಸು ಹಿಂದೆಯೇ ಬರುತ್ತಿದ್ದ. ಮೊದಲ ದಿನ ಮೂಸಿ ಸೀನಿದ. ಆಮೇಲೆ ನೆಕ್ಕತೊಡಗಿದ. ನಾನು ಬಿಟ್ಟೆ. ಒಣಗುವವರೆಗೆ ಚಾಪೆಯ ಮೇಲೆ ಕೂರುತ್ತಿದ್ದೆ. ಅವನು ನನ್ನ ತೋಳಿನ ಮೇಲೆ ಕತ್ತು ಚಾಚಿ, ಪಕ್ಕೆಯನ್ನು ನನ್ನ ಕೈಗೊತ್ತಿ ಮಲಗುತ್ತಿದ್ದ. ಹೊರಗೆ ಕೂತ ಮೂರು ದಿನಗಳಂತೂ ಇಡೀ ಹಗಲು. ಆ ದಿನಗಳಲ್ಲಿ ನನ್ನನ್ನು ಮುಟ್ಟಬಹುದಾಗಿದ್ದವನು ಅವನೊಬ್ಬನೇ —

ಇಲ್ಲಿ ನಿಲ್ಲಿಸುತ್ತೇನೆ. ಈ ಕೊನೆಯ ವಾಕ್ಯ ನನಗೆ ಅನುಕೂಲವಾಗುವ ವಾಕ್ಯ. ನಿಜವೇ, ಆದರೆ ಅನುಕೂಲದ ನಿಜ.

ಏಪ್ರಿಲಿನಲ್ಲಿ ಬಸವೇಶ್ವರನಗರದ ಡಾಕ್ಟರಮ್ಮನ ಹತ್ತಿರ ಹೋದೆವು — ನೀನು, ನಾನು, ಮತ್ತು ಹಠ ಹಿಡಿದು ಹೊರಟ ಅತ್ತೆ. ಆಕೆ ಬತ್ತಾಸುವನ್ನು ಮೇಜಿನ ಮೇಲೆ ನಿಲ್ಲಿಸಿ ಬಹಳ ಹೊತ್ತು ಮುಟ್ಟಿ ಮುಟ್ಟಿ ನೋಡಿದರು. ಅವನ ಒಂದು ಬೀಜ ಕೆಳಗಿಳಿಯದೆ ಹೊಟ್ಟೆಯೊಳಗೇ ಉಳಿದಿದೆ ಎಂದು ಮೊದಲು ಕಂಡುಹಿಡಿದವರು ಅವರೇ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ರಕ್ತ ತೆಗೆದರು, ಸ್ಕ್ಯಾನಿಂಗ್ ಮಾಡಿದರು, ಮೂರು ದಿನ ಬಿಟ್ಟು ಮತ್ತೆ ಬರಹೇಳಿದರು. ಎರಡನೆಯ ಸಲ ಹೋದದ್ದು ಶುಕ್ರವಾರ. ಅವತ್ತು ಅವರು ಆಡಿದ ಮಾತು ನನಗೆ ಹೆಚ್ಚುಕಡಿಮೆ ಹಾಗೇ ನೆನಪಿದೆ:

“ಇವನ ರಕ್ತದಲ್ಲಿ ಹೆಣ್ಣಿನ ಹಾರ್ಮೋನ್ ತುಂಬ ಜಾಸ್ತಿ ಇದೆ. ಅದಕ್ಕೇ ಕೂದ್ಲು ಉದುರ್ತಿರೋದು. ಎಲ್ಲಿಂದ ಬರ್ತಿದೆ ಅನ್ನೋದೇ ಪ್ರಶ್ನೆ. ಒಳಗಿರೋ ಬೀಜದಲ್ಲಿ ಗಡ್ಡೆ ಆಗಿದ್ರೆ ಅದು ತಯಾರು ಮಾಡತ್ತೆ. ಇಲ್ಲಾ ಹೊರಗಿಂದ ಬರ್ತಿರ್ಬೇಕು. ಕೆಲವು ಹೆಂಗಸ್ರು ಮುಟ್ಟು ನಿಂತ್ಮೇಲೆ ಕೈಗೆ ಒಂದು ಜೆಲ್ ಹಚ್ಕೋತಾರೆ. ನಾಯಿ ಅದನ್ನ ನೆಕ್ಕಿದ್ರೆ, ಮೈಗೆ ತಾಗಿಸ್ಕೊಂಡ್ರೆ, ಥೇಟ್ ಹೀಗೇ ಆಗತ್ತೆ. ಹಾಗಿದ್ರೆ ಆಪರೇಷನ್ನೇ ಬೇಡ. ಹಚ್ಚೋದು ನಿಲ್ಸಿದ್ರೆ ಸಾಕು, ಕೆಲವು ತಿಂಗ್ಳಲ್ಲಿ ಕೂದ್ಲು ತಾನಾಗೇ ಬರತ್ತೆ. ನಿಮ್ಮನೇಲಿ ಯಾರಾದ್ರೂ ಹಚ್ಕೋತೀರಾ?”

ಅತ್ತೆಗೆ ಸಿಟ್ಟೇ ಬಂತು. “ಇಲ್ಲ ಕಣಮ್ಮ. ನಮ್ಮನೇಲಿ ಯಾರೂ ಅಂಥದ್ದೆಲ್ಲ ಹಚ್ಕಳಲ್ಲ. ನಂಗೆ ನಿಂತೇ ಹದ್ನೈದು ವರ್ಷ ಆಯ್ತು, ಇವ್ಳಿಗೆ ಇನ್ನೂ ಸರ್ಯಾಗ್ ಆಗತ್ತೆ” ಎಂದು ನನ್ನ ಕಡೆ ಕೈ ತೋರಿಸಿದರು.

ನಾನು ಸುಮ್ಮನಿದ್ದೆ. ಎಂಟು ವರ್ಷ ನನ್ನ ನೆನಪಿನಲ್ಲಿ ಇದ್ದದ್ದು ಇಷ್ಟೇ: ಅತ್ತೆ ‘ಇಲ್ಲ’ ಅಂದರು, ನಾನು ಬಾಯಿ ಬಿಡಲಿಲ್ಲ. ಅವರ ಎದುರಿಗೆ ಹೇಗೆ ಹೇಳಲಿ, ಹೇಳಿದ್ದರೆ ನನ್ನ ಸಂಸಾರ ಏನಾಗುತ್ತಿತ್ತು... ಈ ಪ್ರಶ್ನೆಗಳನ್ನು ಉರುಹೊಡೆದು ಉರುಹೊಡೆದು ನಾನು ಬದುಕಿದೆ.

ಆ ದಿನದ ದಿನಚರಿ ನನ್ನ ಮುಂದಿದೆ. “ಬತ್ತಾಸುವಿಗೆ ಮುಂದಿನ ಗುರುವಾರ ಆಪರೇಷನ್. ಬರುವಾಗ ಆಟೋ ಸಿಗಲಿಲ್ಲ, ಅತ್ತೆಗೆ ಕಾಲುನೋವು.” ಅಷ್ಟೇ. ಡಾಕ್ಟರ ಪ್ರಶ್ನೆಯ ಸುದ್ದಿಯೇ ಇಲ್ಲ. ಸಾರಿನ ಉಪ್ಪನ್ನು ಬರೆದಿಡುವವಳು ಅದನ್ನು ಬರೆಯಲಿಲ್ಲ.

ಶುಕ್ರವಾರದಿಂದ ಗುರುವಾರಕ್ಕೆ ಆರು ದಿನ. ಅವನ ಪ್ಲೇಟ್‌ಲೆಟ್ ಕಡಿಮೆಯಿತ್ತು — ಡೆಂಗ್ಯೂ ಬಂದವರಿಗೆ ಕಡಿಮೆಯಾಗುತ್ತದಲ್ಲ, ಅದೇ. ಆ ಹಾರ್ಮೋನೇ ರಕ್ತವನ್ನೂ ಕೆಡಿಸುತ್ತಿದೆ, ಗಡ್ಡೆ ತೆಗೆಯದೆ ಬಿಟ್ಟರೆ ಇನ್ನೂ ಇಳಿಯುತ್ತದೆ, ಈಗಲೇ ಮಾಡಿದರೂ ರಕ್ತ ನಿಲ್ಲದಿರುವ ಅಪಾಯ ಇದ್ದೇ ಇದೆ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದ್ದರು. ನೀನು ಒಪ್ಪಿಗೆಯ ಕಾಗದ ಮನೆಗೆ ತಂದು ಮೂರು ದಿನ ಬ್ಯಾಗಿನಲ್ಲಿಟ್ಟುಕೊಂಡು ತಿರುಗಿದೆ. ಸೋಮವಾರ ಸಂಜೆ ನಾನು ಹುರುಳಿಕಾಯಿ ಹೆಚ್ಚುತ್ತಿದ್ದಾಗ ಎದುರಿಗೆ ಬಂದು ಕೂತೆ.

“ಅತ್ತಿಗೆ, ಏನ್ ಮಾಡ್ಲಿ? ಸೈನ್ ಹಾಕ್ಲಾ?”

“ಡಾಕ್ಟ್ರೇ ಹೇಳ್ತಿದಾರಲ್ಲ. ಹಾಕು.”

ಈ ಮಾತನ್ನು ನಾನು ಮರೆತಿಲ್ಲ. ಮರೆತಿದ್ದೇನೆಂದು ಎಂದೂ ಹೇಳಿಕೊಳ್ಳಲಾಗಲಿಲ್ಲ.

ಆ ದಿನಗಳಲ್ಲಿ ನಾನು ಏನು ಯೋಚಿಸುತ್ತಿದ್ದೆ? ಬೀಜ ಒಳಗಿರುವುದಂತೂ ನಿಜವಲ್ಲ, ಗಡ್ಡೆಯೂ ಇರಬಹುದಲ್ಲ, ಎರಡೂ ಸೇರಿ ಆಗಿರಬಹುದಲ್ಲ... ಮಂಗಳವಾರ ನನ್ನ ಕೆಲಸದ ಲೈಬ್ರರಿಯಲ್ಲಿ ಕೂತು ಕ್ಲಿನಿಕ್ಕಿನ ನಂಬರು ಒತ್ತಿದೆ. ರಿಂಗಾಯಿತು. ಯಾರೋ ಎತ್ತಿ ಹಲೋ ಅಂದರು. ಇಟ್ಟುಬಿಟ್ಟೆ. ಹೆಸರು ಹೇಳದೆಯೂ ಹೇಳಬಹುದಿತ್ತು. ನಿನಗೊಬ್ಬಳಿಗೇ ಹೇಳಿ ‘ಅಮ್ಮನಿಗೆ ಹೇಳಬೇಡ’ ಅನ್ನಬಹುದಿತ್ತು. ನೀನು ಹೇಳುತ್ತಿರಲಿಲ್ಲ, ಅದು ನನಗೆ ಆಗಲೂ ಗೊತ್ತಿತ್ತು. ನಾನು ಮಾಡಿದ್ದು ಇಷ್ಟೇ: ಜೆಲ್ ಹಚ್ಚಿದ ಮೇಲೆ ತುಂಬುತೋಳಿನ ರವಿಕೆ ಹಾಕಿಕೊಂಡೆ, ಬತ್ತಾಸುವನ್ನು ಮಹಡಿಗೆ ಬರದಂತೆ ಗದರಿಸಿ ಕಳಿಸಿದೆ. ಅವನು ಬಾಗಿಲಿನಾಚೆ ಕೂತು ಉಗುರಿನಿಂದ ಕೆರೆಯುತ್ತಿದ್ದ. ಹಚ್ಚುವುದನ್ನು ಮಾತ್ರ ನಿಲ್ಲಿಸಲಿಲ್ಲ. ಆ ತಿಂಗಳ ಸೊನ್ನೆ ತಪ್ಪಿಹೋದೀತೆಂದು.

ಬತ್ತಾಸು ಸತ್ತ ಮೇಲೆ ಹೆಂಗಸರ ಡಾಕ್ಟರಿಗೆ ಫೋನ್ ಮಾಡಿ, ಜೆಲ್ ಬೇಡ, ಬೇರೆ ಏನಾದರೂ ಇದೆಯೇ ಎಂದು ಕೇಳಿದೆ. “ಮಾತ್ರೇಲೇ ಬರತ್ತಲ್ಲಮ್ಮ, ಬರ್ದುಕೊಡ್ತೀನಿ” ಎಂದರು. ಎರಡು ನಿಮಿಷದ ಫೋನು. ಅದನ್ನು ಒಂದು ವಾರ ಮೊದಲೂ ಮಾಡಬಹುದಿತ್ತು.

ಗುರುವಾರ ಬೆಳಗ್ಗೆ ಆಪರೇಷನ್ ಆಯಿತು. ಸಂಜೆಗೆ ಹೊಲಿಗೆಯಿಂದ ಜಿನುಗುತ್ತಿದ್ದ ರಕ್ತ ನಿಲ್ಲಲಿಲ್ಲ. ಶುಕ್ರವಾರ ಅವನ ಒಸಡು ಸುಣ್ಣದ ಹಾಗಾಗಿದೆ ಎಂದು ನೀನು ಫೋನಿನಲ್ಲಿ ಹೇಳಿದೆ. ಡಾಕ್ಟರಮ್ಮ ಯಾರದೋ ದೊಡ್ಡ ನಾಯಿ ಕರೆಸಿ ರಕ್ತ ಕೊಡಿಸುತ್ತಿದ್ದಾರೆ ಎಂದೂ. ಮಧ್ಯಾಹ್ನ ಎರಡರ ಹೊತ್ತಿಗೆ ಮತ್ತೆ ಫೋನು. “ಅತ್ತಿಗೆ, ಮುಗೀತು.” ನಾನು ಅರ್ಧ ದಿನ ರಜೆ ಹಾಕಿ ಬಂದೆ. ನೀನು ಅವನನ್ನು ಅದೇ ಟೀ-ಶರ್ಟಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಕೂತಿದ್ದೆ. ನನ್ನನ್ನು ಕಂಡು ನನ್ನ ತೋಳಿಗೆ ತಲೆ ಒರಗಿಸಿದೆ. ಅವತ್ತೂ ಬೆಳಗ್ಗೆ ಹಚ್ಚಿಕೊಂಡಿದ್ದೆ, ನೇತ್ರಾ.

ಹತ್ತು ದಿನದ ಮೇಲೆ ಲ್ಯಾಬಿನಿಂದ ರಿಪೋರ್ಟು ಬಂತು. ತೆಗೆದ ಬೀಜದಲ್ಲಿ ಗಡ್ಡೆ ಇರಲಿಲ್ಲ. ಒಣಗಿದ ಅವರೆಕಾಳಿನಷ್ಟು ಸಣ್ಣದು, ಕೆಲಸಕ್ಕೆ ಬಾರದ್ದು. ಡಾಕ್ಟರಮ್ಮ ನಿನ್ನೆದುರು ರಿಪೋರ್ಟು ಇಟ್ಟು, “ನನಗೂ ಅರ್ಥ ಆಗ್ತಿಲ್ಲ” ಎಂದರಂತೆ. ನಿನ್ನ ಅಣ್ಣ ಹೋಗಿ ಅವರ ಮೇಲೆ ಕೂಗಾಡಿ ಬಂದರು. ಅತ್ತೆ ಮಾತ್ರ ಡಾಕ್ಟರನ್ನು ಬೈಯಲಿಲ್ಲ, ನಿನ್ನನ್ನೇ ಅಂದರು — “ಬೋಳು ನಾಯಿ ಕರ್ಕೊಂಡು ಹೋಗೋಕೆ ನಾಚ್ಕೆ ಇವ್ಳಿಗೆ. ಅಂಗಿ ಹಾಕಿ ಮೆರೆ‌ಸ್ತಿದ್ಲಲ್ಲ. ಕೂದ್ಲು ಚೆಂದಕ್ಕೆ ಜೀವ ತೆಗ್ಸಿದ್ಲು.” ಒಂದು ಸಲವಲ್ಲ. ಮದುವೆಯಾಗಿ ನೀನು ಕೆಂಗೇರಿಗೆ ಹೋಗುವವರೆಗೆ, ಯಾವುದೋ ಮಾತಿಗೆ ಯಾವುದೋ ಮಾತು ಬಂದು, ಅಲ್ಲಿಗೇ ಬಂದು ನಿಲ್ಲುತ್ತಿತ್ತು. ನೀನು ಎದುರು ಹೇಳುವುದನ್ನು ನಿಲ್ಲಿಸಿದೆ. ಮುಟ್ಟಿನ ಕೋಣೆಯ ವಿಷಯಕ್ಕೆ ಅಮ್ಮನ ಜೊತೆ ಜಗಳವಾಡಿ ಗೆದ್ದವಳು ಈ ಒಂದು ಮಾತಿಗೆ ತಲೆ ತಗ್ಗಿಸಿ ತಟ್ಟೆ ನೋಡುತ್ತಿದ್ದೆ. ನಾನು ಪಕ್ಕದಲ್ಲೇ ಕೂತು ಸಾರು ಬಡಿಸುತ್ತಿದ್ದೆ.

ಅವನ ಸಾವಿಗಿಂತ ಇದು ದೊಡ್ಡ ತಪ್ಪು ಎಂದು ಈಗ ನನಗೆ ಅನಿಸುತ್ತದೆ. ಅವನ ವಿಷಯದಲ್ಲಿ ನನಗೆ ಆರು ದಿನ ಇತ್ತು. ನಿನ್ನ ವಿಷಯದಲ್ಲಿ ಎಂಟು ವರ್ಷ. ಅತ್ತೆ ತೀರಿಕೊಂಡೇ ಮೂರು ವರ್ಷವಾಯಿತು. ಕ್ಯಾಲೆಂಡರಿನಲ್ಲಿ ಯಾರೂ ಸೊನ್ನೆ ಹಾಕುವುದಿಲ್ಲ. ಹೆದರಿಕೆಗೆ ಇದ್ದ ಕಾರಣ ಹೋಗಿಬಿಟ್ಟಿತ್ತು — ನಾನು ಆಗಲೂ ಹೇಳಲಿಲ್ಲ. ಹಾಗಾದರೆ ಮೊದಲು ಕೂಡ ಅದೇ ಕಾರಣವಾಗಿತ್ತೇ? ಗೊತ್ತಿಲ್ಲ.

ಹೋದ ತಿಂಗಳು ಇಂಚರಾಳ ಹುಟ್ಟುಹಬ್ಬಕ್ಕೆ ನಾವು ಕೆಂಗೇರಿಗೆ ಬಂದಿದ್ದೆವಲ್ಲ. ಐದು ತುಂಬಿದವಳು ಕೇಕಿನ ಚಾಕು ಹಿಡಿದುಕೊಂಡೇ “ನಂಗೆ ನಾಯಿಮರಿ ಬೇಕು” ಎಂದಳು. ಎಲ್ಲರೂ ನಕ್ಕರು. ನೀನು ನಗಲಿಲ್ಲ. ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು, “ಬೇಡ ಪುಟ್ಟಾ, ಅಮ್ಮ ನಾಯಿ ಸಾಕೋಕೆ ಲಾಯಕ್ಕಿಲ್ಲ” ಎಂದೆ. ಮಗು ಯಾಕೆ ಅಂತು. ನೀನು ತಲೆಯೆತ್ತಿ ನನ್ನನ್ನು ನೋಡಿದೆ. “ಅತ್ತೇನ ಕೇಳು, ಅವ್ರಿಗೆ ಗೊತ್ತು. ಅಲ್ವಾ ಅತ್ತಿಗೆ?”

ನಾನು “ಹೂಂ” ಅಂದೆ.

ಅದು ಬಾಯಿಂದ ಹೊರಬಿದ್ದ ಮೇಲೆ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಕೈ ತೊಳೆಯುವ ನೆಪದಲ್ಲಿ ಬಚ್ಚಲಿಗೆ ಹೋದೆ.

ಕಳೆದ ಶನಿವಾರ ಬಸವೇಶ್ವರನಗರಕ್ಕೆ ಹೋಗಿ ಆ ಡಾಕ್ಟರಮ್ಮನನ್ನು ಕಂಡೆ. ಅದೇ ಕ್ಲಿನಿಕ್ಕು, ಆಕೆಯ ಕೂದಲು ಮುಕ್ಕಾಲು ನರೆತಿದೆ. ಹೆಸರು ಹೇಳಿದೆ, ನಾಯಿಯ ಹೆಸರು ಹೇಳಿದೆ, ಉಳಿದದ್ದನ್ನೂ ಹೇಳಿದೆ. ಅವರು ಒಳಗೆ ಹೋಗಿ ಒಂದು ಹಳೆಯ ಕಡತ ತಂದರು. ಅಷ್ಟು ವರ್ಷ ಇಟ್ಟುಕೊಂಡಿದ್ದರು. “ಯಾಕ್ ಸತ್ತ ಅಂತ ಗೊತ್ತಾಗ್ದೇ ಇರೋ ಕೇಸನ್ನ ನಾನು ಬಿಸಾಕಲ್ಲ” ಎಂದರು. ಒಂದು ಹಾಳೆ ತಿರುಗಿಸಿ ನನ್ನ ಕಡೆ ತಳ್ಳಿದರು. ಅವರ ಕೈಬರಹದಲ್ಲಿ, ಇಂಗ್ಲಿಷಿನಲ್ಲಿ, ಆ ಶುಕ್ರವಾರದ ದಿನಾಂಕದ ಕೆಳಗೆ: ಮನೆಯಲ್ಲಿ ಹಾರ್ಮೋನ್ ಜೆಲ್ ಬಳಕೆ — ಅಜ್ಜಿ ಇಲ್ಲ ಎಂದರು. ಸೊಸೆಯನ್ನು ಪ್ರತ್ಯೇಕವಾಗಿ ಕೇಳಿದೆ — ಇಲ್ಲ ಎಂದರು.

“ಅತ್ತೆ ಎದುರಿಗೆ ಹೇಳೋಕೆ ಕಷ್ಟ ಆಗಿರಬಹುದು ಅಂತ ನಿಮ್ಮೊಬ್ಬರನ್ನೇ ಔಷಧಿ ಕೊಡೋ ಕಡೆ ಕರ್ದು ಕೇಳ್ದೆ” ಎಂದರು. “ನೀವು ನಕ್ಕಿರಿ. ‘ನಂಗಿನ್ನೂ ಮೂವತ್ತೇಳು ಡಾಕ್ಟ್ರೇ’ ಅಂದ್ರಿ. ಅದಕ್ಕೇ ನಂಬಿದೆ.”

ನನಗೆ ಇದು ನೆನಪಿಲ್ಲ. ಆ ಮಾತೂ ನೆನಪಿಲ್ಲ, ನಗುವೂ ನೆನಪಿಲ್ಲ. ಎಷ್ಟು ಕೆದಕಿದರೂ ಆ ಔಷಧಿಯ ಕಪಾಟು ಕಾಣಿಸುತ್ತದೆ, ಅದರ ಮುಂದೆ ನಾನು ಕಾಣಿಸುವುದಿಲ್ಲ. ಆದರೆ ಕಾಗದದ ಮೇಲೆ ಇದೆ, ಅವತ್ತೇ ಬರೆದದ್ದು ಇದೆ. ಆ ಬರಹಕ್ಕೆ ಸುಳ್ಳು ಹೇಳಿ ಆಗಬೇಕಾದ ಲಾಭವಿಲ್ಲ. ಅತ್ತೆ ಇಲ್ಲದ ಜಾಗದಲ್ಲಿ, ನೀನು ಇಲ್ಲದ ಜಾಗದಲ್ಲಿ, ಒಬ್ಬ ಹೆಂಗಸು ಇನ್ನೊಬ್ಬ ಹೆಂಗಸಿಗೆ ತಪ್ಪಿಸಿಕೊಳ್ಳುವ ದಾರಿಯನ್ನು ತೆರೆದು ಹಿಡಿದಿದ್ದಳು. ನಾನು ನಗುತ್ತ ಅದನ್ನು ಮುಚ್ಚಿದೆ. ನಾನು ಸುಮ್ಮನಿದ್ದವಳಲ್ಲ, ನೇತ್ರಾ. ನಾನು ‘ಇಲ್ಲ’ ಅಂದವಳು.

ಹೊರಡುವಾಗ ಡಾಕ್ಟರಮ್ಮ ಬಾಗಿಲವರೆಗೆ ಬಂದರು. ಸಮಾಧಾನ ಹೇಳಲಿಲ್ಲ. “ಇಷ್ಟು ವರ್ಷ ಅಂಥ ನಾಯಿ ಬಂದಾಗೆಲ್ಲ ಈ ಕಡತ ತೆಗ್ದು ಮತ್ತೆ ಓದ್ತಿದ್ದೆ” ಎಂದರು. ಆಮೇಲೆ, “ಆ ಹುಡುಗಿಗೆ ಹೇಳಿದೀರಾ?”

ಇಲ್ಲ ಎಂದೆ. ಈ ಸಲ ಅದು ನಿಜವಾಗಿತ್ತು.

ಮಂಗಳವಾರ ಬೆಳಗ್ಗೆ ನಿನ್ನ ಅಣ್ಣನಿಗೆ ಹೇಳಿದೆ — ಅಂಡಾಶಯದ ವಿಷಯ, ಜೆಲ್ಲಿನ ವಿಷಯ, ಬತ್ತಾಸುವಿನ ವಿಷಯ, ಎಲ್ಲ. ಅವರು ಕೇಳುತ್ತ ಕೂತಿದ್ದರು. ಮೇಲೆ ಟ್ಯಾಂಕು ತುಂಬಿ ನೀರು ಸುರಿಯುವ ಸದ್ದು ಬಂತು. ಎದ್ದುಹೋಗಿ ಮೋಟರು ಆಫ್ ಮಾಡಿ ಬಂದು ಮತ್ತೆ ಕೂತರು. “ನೇತ್ರಾಗ್ ಹೇಳಿದ್ಯಾ?” ಅಂದರು. ಇನ್ನೂ ಇಲ್ಲವೆಂದೆ. “ಮೊದ್ಲು ಅವ್ಳಿಗ್ ಹೇಳು. ನಮ್ಮಿಬ್ರುದು ಆಮೇಲ್ ನೋಡಣ.” ಅಂದಿನಿಂದ ಅವರು ಊಟಕ್ಕೆ ಕೂರುತ್ತಾರೆ, ಮಾತಾಡುವುದಿಲ್ಲ. ಅದು ಅವರ ಹಕ್ಕು.

ಇದನ್ನು ಅಂಚೆಯಲ್ಲಿ ಕಳಿಸುವುದಿಲ್ಲ, ಫೋಟೋ ತೆಗೆದು ಮೊಬೈಲಿಗೂ ಹಾಕುವುದಿಲ್ಲ. ಭಾನುವಾರ ಬೆಳಗ್ಗೆ ನಾನೇ ತರುತ್ತೇನೆ. ನಿನ್ನ ಕೈಗೆ ಕೊಟ್ಟು, ಓದಿ ಮುಗಿಸುವವರೆಗೆ ಎದುರಿಗೆ ಕೂರುತ್ತೇನೆ. ಏನು ಕೇಳಿದರೂ ಉತ್ತರಿಸುತ್ತೇನೆ. ನೆನಪಿಲ್ಲದ್ದನ್ನು ನೆನಪಿಲ್ಲ ಎನ್ನುತ್ತೇನೆ. ಎದ್ದು ಹೋಗಿ ಅಂದರೆ ಹೋಗುತ್ತೇನೆ. ಕ್ಷಮಿಸು ಎಂಬ ಮಾತನ್ನು ಇದರಲ್ಲಿ ಎಲ್ಲಿಯೂ ಬರೆದಿಲ್ಲ. ಅದನ್ನು ಬರೆದರೆ ಮತ್ತೆ ನಿನ್ನ ತಲೆಯ ಮೇಲೆ ಒಂದು ಕೆಲಸ ಹೊರಿಸಿದಂತಾಗುತ್ತದೆ.

ನೀನು ಆ ಕಾಗದಕ್ಕೆ ಸಹಿ ಹಾಕಿದ್ದು ಕೂದಲಿನ ಚೆಂದಕ್ಕಲ್ಲ. ಅವನೊಳಗೆ ಗಡ್ಡೆ ಇದೆ ಎಂದು ನಂಬಿ, ಅವನನ್ನು ಉಳಿಸಲು. ಆ ನಂಬಿಕೆಗೆ ದಾರಿ ಮಾಡಿಕೊಟ್ಟವಳು ನಾನು, ಸಹಿ ಹಾಕು ಅಂದವಳೂ ನಾನು. ಇಂಚರಾಳಿಗೆ ನಾಯಿಮರಿ ತರುತ್ತೀಯೋ ಬಿಡುತ್ತೀಯೋ ನಿನ್ನಿಷ್ಟ. ಅವಳ ಅತ್ತೆ ಎಂಥವಳು ಎಂದು ಅವಳಿಗೆ ಹೇಳಬೇಕೆನಿಸಿದರೆ ಹೇಳು. ಆದರೆ ಅಮ್ಮ ಲಾಯಕ್ಕಿಲ್ಲ ಎಂದು ಆ ಮಗುವಿಗೆ ಇನ್ನೊಂದು ಸಲ ಹೇಳಬೇಡ. ಅದು ಸುಳ್ಳು. ಅದಕ್ಕೆ ನಾನು ಹೂಂ ಅಂದದ್ದೂ ಸುಳ್ಳು.